ಚೌಡಕ್ಕ ಕಾಯುವ ಅಂಚುಗಳು

ಕೊಳ್ಳೇಗಾಲದ ನಮ್ಮ ನೇಕಾರರ ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಚೌಡಕ್ಕ, ಬೆಳಿಗ್ಗೆ ಅದಕ್ಕೆ ಕುಂಕುಮವಿಟ್ಟು ಕೈಮುಗಿಯದೆ ಸ್ವಿಚ್ ಒತ್ತುವವಳಲ್ಲ. ಊರಿನ ರೇಷ್ಮೆ ಸೀರೆಗಳ ಅಂಚಿನ ವಿನ್ಯಾಸಗಳೆಲ್ಲ ಅದರೊಳಗಿವೆ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಮಧುವನಹಳ್ಳಿಯ ತಂಗಿಯ ಮನೆಯ ಅಕ್ಕಿ ಡಬ್ಬದಲ್ಲಿದೆ. ಕಂಪ್ಯೂಟರ್ ಇರುವ ಕೋಣೆಗೆ ನುಗ್ಗಲು ಸೊಳ್ಳೆಗೂ ಪಾಸ್‌ವರ್ಡ್ ಬೇಕೆಂದು ನಾವು ನಗುತ್ತೇವೆ. ಹಿಂದೆ ಎಲ್ಲವನ್ನೂ ಹೊರಗಿನ ಕಂಪನಿಯೊಂದರ ಪುಕ್ಕಟೆ ಆ್ಯಪ್‌ನಲ್ಲಿ ಇಟ್ಟಿದ್ದೆವು. ಒಂದು ದಿನ ಅವರು ಅದನ್ನು ಮುಚ್ಚಿದರು. ಚೌಡಕ್ಕನ ತೀರಿಹೋದ ತಾಯಿ ಕಟ್ಟಿದ್ದ ಅಂಚಿನ ವಿನ್ಯಾಸವೂ ಅದರೊಂದಿಗೆ ಹೋಯಿತು. ಅವಳು ತಾಯಿಯ ಹಳೆಯ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು, ಒಂದೊಂದೇ ಎಳೆ ಎಣಿಸಿ, ಮೂರು ತಿಂಗಳಲ್ಲಿ ಅದನ್ನು ಮತ್ತೆ ಬರೆದಳು. ಮೊನ್ನೆ ಇನ್ನೊಂದು ಕಂಪನಿಯವನು ಬಂದು, "ಎಲ್ಲಾ ನಾವೇ ಇಟ್ಕೊಳ್ತೀವಮ್ಮ, ಫ್ರೀ," ಎಂದ. ಚೌಡಕ್ಕ ಲೋಟವನ್ನು ಅವನತ್ತ ಸರಿಸಿದಳು. "ಬ್ಯಾಡಿ ಸಾ, ಕಾಪಿ ಕುಡ್ಕಂಡು ಓಗಿ. ನಮ್ಮವ್ವ ಇನ್ನು ಈ ಊರ್ ಬುಟ್ಟು ಎಲ್ಗೂ ಓಗಕಿಲ್ಲ."