ಮುಖಂಡರ ಪುಟದಲ್ಲಿ ಒಬ್ಬ ವಾಚರ್

ನಿಷ್ಪಕ್ಷಪಾತ ಎಂಬ ಶಬ್ದ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಒಂದು ಕಾಲದಲ್ಲಿ ಅದನ್ನು ಊರಿಗೆಲ್ಲ ಉಪದೇಶ ಮಾಡುತ್ತಿದ್ದವಳು ನಾನೇ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ಹಾಕಿಕೊಡುವುದು, ಕರಪತ್ರ ಟೈಪ್ ಮಾಡುವುದು ಹೊಟ್ಟೆಪಾಡು. ಗಿರಾಕಿ ಇಲ್ಲದಾಗ ಇಂಟರ್‌ನೆಟ್ಟಿನ ಕನ್ನಡ ವಿಶ್ವಕೋಶಕ್ಕೆ ಬರೆಯುವುದು ಹುಚ್ಚು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಅಳಿಸಬಹುದಾದ ವಿಶ್ವಕೋಶ ಅದು. ನರಸಿಂಹರಾಜಪುರ ಶಿವಮೊಗ್ಗ ಜಿಲ್ಲೆಯಲ್ಲಿದೆ ಎಂದು ಯಾವನೋ ಬರೆದಿದ್ದ. ಸಿಟ್ಟು ಬಂದು ನಮ್ಮ ಜಿಲ್ಲೆಯ ಹೆಸರು ಹಾಕಿ ತಿದ್ದಿದೆ. ತಿದ್ದಿದ್ದು ಹಾಗೇ ಉಳಿಯಿತು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. "ಸಂಬಳ ಇಲ್ಲ, ಸಾರಿಗೆ ಇಲ್ಲ, ನಿಂಗೆ ಎಂತಕ್ಕೆ ಬೇಕಿತ್ತು" ಎಂದು ನಮ್ಮ ಮನೆಯವರು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಮರ, ಮೀನು, ಸೇತುವೆ ಬಗ್ಗೆ ಬರೆದುಕೊಂಡಿದ್ದಷ್ಟು ದಿನ ಸುಖವಾಗಿದ್ದೆ. ಮೀನು ಬಂದು ಜಗಳ ಆಡುವುದಿಲ್ಲ. ಆಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ನಮ್ಮ ಈ ಮೂರು ತಾಲ್ಲೂಕಿಗೂ ಗೊತ್ತಿರುವ ಒಬ್ಬ ಮುಖಂಡರ ಜೀವನಚರಿತ್ರೆಯ ಪುಟಕ್ಕೆ ಕೈ ಹಾಕಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿಗೂ ತಿದ್ದಲು ಬರುತ್ತಾರೆ. ಅವರು ಮೊದಲು ಜಮೀನು ಹೋರಾಟ ಮಾಡಿದವರು, ಆಮೇಲೆ ಪಕ್ಷ ಸೇರಿದವರು, ಆಮೇಲೆ ಪಕ್ಷಗಳನ್ನು ಸೇರಿದವರು. ಪುಟದಲ್ಲಿ ಒಂದು ದಿನ "ಮಲೆನಾಡಿನ ಹುಲಿ" ಎಂದಿರುತ್ತಿತ್ತು, ಮರುದಿನ "ಕಾಡು ನುಂಗಿದವ" ಎಂದಿರುತ್ತಿತ್ತು. ನಾನು ಹುಲಿಯನ್ನೂ ಅಳಿಸಿದೆ, ನುಂಗಿದ್ದನ್ನೂ ಅಳಿಸಿದೆ. ಅಲ್ಲಿನ ಕಟ್ಟಳೆ ಅದೇ. ನಮ್ಮ ಅಭಿಪ್ರಾಯ ಬರೆಯಕೂಡದು, ಬರೆದಿದ್ದಕ್ಕೆಲ್ಲ ಎಲ್ಲಾದರೂ ಅಚ್ಚಾದ ಆಧಾರ ಇರಬೇಕು, ಎರಡು ಮಾತಿದ್ದರೆ ಎರಡನ್ನೂ ಕೊಡಬೇಕು.

ಎರಡೂ ಕಡೆಯವರಿಗೆ ನಾನು ಶತ್ರುವಾದೆ. ಮುಖಂಡರ ಪಟ್ಟ ಶಿಷ್ಯನೊಬ್ಬ ನರಸಿಂಹರಾಜಪುರದವನು. ಸಭೆ, ಸಮಾರಂಭದ ಕರಪತ್ರವನ್ನು ನನ್ನ ಅಂಗಡಿಯಲ್ಲೇ ಮಾಡಿಸುತ್ತಾನೆ. ಕೌಂಟರಿಗೆ ಮೊಣಕೈ ಊರಿ ನಿಂತು ಕೇಳಿದ: "ಹುಲಿ ಅನ್ನೋದಕ್ಕೆ ಆಧಾರ ಎಂತ ಮೇಡಂ, ನೋಡಿದ್ರೆ ಗೊತ್ತಾಗಲ್ವಾ?"

"ಬಾಲ ತೋರ್ಸಿ, ಹಾಕ್ತೇನೆ" ಎಂದೆ.

ಅವನು ನಕ್ಕ. ಒಳ್ಳೆಯ ನಗೆಗಾರ, ಅದನ್ನು ಒಪ್ಪಿಕೊಳ್ಳಬೇಕು. ಮಾರನೆಯ ದಿನ ಹುಲಿ ವಾಪಸು ಬಂದಿತ್ತು. ಇದು ಹೀಗೆಯೇ ನಡೆಯುತ್ತಿದ್ದಿದ್ದರೆ ನನಗೆ ಬೇಸರವೇನೂ ಇರಲಿಲ್ಲ. ಬೇಸರ ಶುರುವಾಗಿದ್ದು ಶೃಂಗೇರಿ ಕಡೆಯ ಬೇಗಾರು ಎಂಬ ಊರಿನಿಂದ ಒಬ್ಬ ಹೆಂಗಸು ಅಂಗಡಿಗೆ ಬಂದ ಮೇಲೆ.

ಅವರು ಅಂಗನವಾಡಿಯ ಟೀಚರ್. ತವರು ಕೆರೆಕಟ್ಟೆ ಕಡೆ. ಜೆರಾಕ್ಸ್ ಮಾಡಿಸಲು ಬಂದವರ ಹಾಗೆ ಸರದಿಯಲ್ಲಿ ನಿಂತಿದ್ದರು, ಎಲ್ಲರೂ ಹೋದ ಮೇಲೆ ಫೋನು ಮುಂದೆ ಹಿಡಿದರು. ಅದೇ ಮುಖಂಡರ ಪುಟ. ಕೆಳಗಡೆ ನಾನು ಅಷ್ಟಾಗಿ ಗಮನಿಸದ ಒಂದು ಸಾಲಿತ್ತು: ಮುಖಂಡರು ಕಾಡಂಚಿನ ಜಮೀನಿನ ಹಕ್ಕಿಗಾಗಿ ರಸ್ತೆ ತಡೆ ನಡೆಸಿದಾಗ ಪಾನಮತ್ತನಾಗಿದ್ದ ಒಬ್ಬ ಫಾರೆಸ್ಟ್ ವಾಚರ್ ಮೋರಿಗೆ ಬಿದ್ದು ಮೃತಪಟ್ಟ. ಪಕ್ಕದಲ್ಲಿ ಅವನ ಹೆಸರು, ಊರು.

"ನಮ್ಮ ಅಪ್ಪ" ಎಂದರು.

ಅವರಪ್ಪ ದಿನಗೂಲಿ ವಾಚರ್. ಅವತ್ತು ರಸ್ತೆಯ ಫಾರೆಸ್ಟ್ ಗೇಟಿನಲ್ಲಿ ನಿಂತಿದ್ದ. ಜನ ಗೇಟನ್ನು ನೂಕಿದಾಗ ಗೇಟಿನ ಜೊತೆ ಅವನೂ ಹಿಂದಕ್ಕೆ ಹೋದ, ಹಿಂದೆ ಮೋರಿ ಇತ್ತು. ಮಾರನೆಯ ದಿನ ಮುಖಂಡರು ಪತ್ರಿಕೆಯವರ ಎದುರು "ಅವನು ಕುಡಿದಿದ್ದ, ತಾನೇ ಬಿದ್ದ" ಎಂದರು. ಪತ್ರಿಕೆಯಲ್ಲಿ ಅದು ಬಂತು. ಪೇಪರು ರದ್ದಿಗೆ ಹೋಯಿತು, ಜನ ಮರೆತರು. ಮಗಳೂ ಮರೆತಿದ್ದರೋ ಏನೋ, ಯಾರಿಗೆ ಗೊತ್ತು. ಈಚೆಗೆ ಮುಖಂಡರಿಗೆ ಸನ್ಮಾನ ಇಟ್ಟುಕೊಂಡರು. ಪರಿಚಯ ಭಾಷಣ ಮಾಡಿದ ಮಾಸ್ತರು ನಮ್ಮ ವಿಶ್ವಕೋಶದ ಪುಟವನ್ನು ಮೇಲಿಂದ ಕೆಳಗಿನವರೆಗೆ ಮೈಕಿನಲ್ಲಿ ಓದಿಬಿಟ್ಟರು. ಈಗಿನ ಭಾಷಣಗಳೆಲ್ಲ ಹಾಗೇ, ನಮ್ಮ ಪುಟ ಇಲ್ಲದಿದ್ದರೆ ಅರ್ಧ ಮಾಸ್ತರರು ಮೂಕರಾಗುತ್ತಾರೆ. ಅಂಗನವಾಡಿಯವರನ್ನೆಲ್ಲ ಕಡ್ಡಾಯವಾಗಿ ಕರೆಸಿದ್ದರು. ಈಕೆ ಮುಂದಿನ ಸಾಲಿನಲ್ಲಿ ಕೂತಿದ್ದರು, ಅಪ್ಪನ ಹೆಸರು ಕುಡುಕ ಎಂಬ ಮಾತಿನ ಜೊತೆ ಕಿವಿಗೆ ಬಿತ್ತು.

"ಎದ್ದು ಬರಕ್ಕೂ ಆಗ್ಲಿಲ್ಲ. ಎಲ್ರೂ ಚಪ್ಪಾಳೆ ಹೊಡೀತಿದ್ರು. ನಮ್ಮಪ್ಪ ಹನಿ ಮುಟ್ಟಿದವ ಅಲ್ಲ. ಅದೊಂದನ್ನ ತೆಗ್ದುಕೊಡಿ."

ನನಗೆ ಸಿಟ್ಟು ನೆತ್ತಿಗೇರಿತು. ಕೂಡಲೇ ಕೂತು ಸಾಲನ್ನು ಬದಲಾಯಿಸಿದೆ. ಪತ್ರಿಕೆಯೇನೂ ಅವನು ಕುಡಿದಿದ್ದನೆಂದು ಹೇಳಿರಲಿಲ್ಲ, ಮುಖಂಡರು ಹಾಗೆ ಹೇಳಿದರೆಂದು ಹೇಳಿತ್ತು. ಹಾಗೇ ಬರೆದೆ. ಸಂಜೆಯೊಳಗೆ ಪಟ್ಟ ಶಿಷ್ಯ ಅದನ್ನು ಮೊದಲಿನಂತೆ ಮಾಡಿದ್ದ. ನಾನು ತಿದ್ದಿದೆ, ಅವನು ಅಳಿಸಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ಅವನು, ಪ್ರತಿ ಲೇಖನದ ಜೊತೆ ವಾದ ಮಾಡಲೆಂದೇ ಇರುವ ಚರ್ಚೆಯ ಪುಟದಲ್ಲಿ ಒಂದು ಪುರಾವೆ ತಂದು ಹಾಕಿದ. ಶೃಂಗೇರಿಯ ಒಂದು ವಾರಪತ್ರಿಕೆಯಲ್ಲಿ ಹಿಂದೊಮ್ಮೆ ಅಚ್ಚಾದ ಫೋಟೋ. ಊರು ಕಾಯುವ ಭೂತದ ಬನದಲ್ಲಿ ವರ್ಷಾವಧಿ ಪೂಜೆ, ನಡುವೆ ನಮ್ಮ ವಾಚರ್, ಕೈಯಲ್ಲಿ ಸಾರಾಯಿ ಬಾಟ್ಲಿ. ಕೆಳಗೆ ಹೆಸರು.

ಆ ಫೋಟೋ ನೋಡಿ ನಾನು ನಕ್ಕೆ. ನಗು ಬಂದಿದ್ದು ಯಾಕೆಂದರೆ, ಅವನು ಕುಡಿಯುತ್ತಿರಲಿಲ್ಲ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಬನದ ಭೂತಕ್ಕೆ ಕೋಳಿಯ ಜೊತೆ ಹೆಂಡವನ್ನೂ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಬಾಟ್ಲಿ ಹೊರುವ ಕೆಲಸವನ್ನು ಕುಡಿಯುವವನ ಕೈಗೆ ಯಾವ ಊರಿನವರೂ ಕೊಡುವುದಿಲ್ಲ. ಕೊಟ್ಟರೆ ಬಾಟ್ಲಿ ಬನ ಮುಟ್ಟಬೇಕಲ್ಲ. ದಾರಿಯಲ್ಲೇ ಭೂತ ಮೈದುಂಬುತ್ತದೆ. ಅದಕ್ಕೇ ಊರೆಲ್ಲ ಹುಡುಕಿ, ವಾಸನೆಯೂ ಆಗದ ಒಬ್ಬನ ಕೈಗೆ ಕೊಡುತ್ತಾರೆ. ಅವನು ಇರುವವರೆಗೂ ಅದು ಅವನದೇ ಕೆಲಸ, ಊರಲ್ಲಿ ಅವನಿಗೊಂದು ಮರ್ಯಾದೆ. ಪಟ್ಟ ಶಿಷ್ಯನ ಊರಲ್ಲೂ ಬನ ಇದೆ. ಅವನಿಗೆ ಇದು ಗೊತ್ತಿಲ್ಲದೆ ಇಲ್ಲ.

ಅಂಗಡಿಗೆ ಬಂದಾಗ ಕೇಳಿಯೇಬಿಟ್ಟೆ. "ಬಾಟ್ಲಿ ಯಾರು ಹಿಡೀತಾರೆ ಅಂತ ನಿಮಗೆ ಗೊತ್ತಿಲ್ವಾ?"

"ನಂಗೆ ಗೊತ್ತು ಮೇಡಂ. ವಿಶ್ವಕೋಶಕ್ಕೆ ಗೊತ್ತಾ?" ಎಂದ. ಕರಪತ್ರದ ಪ್ರೂಫಿನಲ್ಲಿ ಒಂದು ತಪ್ಪು ತೋರಿಸಿ, ತಿದ್ದಿಸಿಕೊಂಡು ಹೋದ.

ಚರ್ಚೆಯ ಪುಟದಲ್ಲಿ ನಾನು ಪದ್ಧತಿಯನ್ನೆಲ್ಲ ವಿವರವಾಗಿ ಬರೆದೆ. ವ್ಯಾಜ್ಯ ತೀರ್ಮಾನ ಮಾಡಲು ನಿರ್ವಾಹಕರು ಎಂಬವರಿರುತ್ತಾರೆ. ನಮಗೆ ಸಿಕ್ಕಿದವರು ಎಲ್ಲೋ ದೂರದ ಪೇಟೆಯವರು, ಮರ್ಯಾದಸ್ಥರು, "ತಾವು", "ದಯವಿಟ್ಟು" ಬಿಟ್ಟು ಮಾತಾಡದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಪದ್ಧತಿಯ ಬಗ್ಗೆ ಅಚ್ಚಾದ ಆಧಾರ ಇದೆಯೇ?

ಇಲ್ಲ. ಯಾರು ಬರೆಯುತ್ತಾರೆ? ಅನ್ನವನ್ನು ಬಾಯಿಗೆ ಇಟ್ಟುಕೊಳ್ಳುತ್ತೇವೆ ಎಂದು ಯಾರಾದರೂ ಪುಸ್ತಕ ಬರೆದಿದ್ದಾರಾ? ಹಾಗೆಂದು ಉತ್ತರ ಬರೆದು, ಕಳಿಸುವ ಮೊದಲು ಅಳಿಸಿದೆ. ನಿರ್ವಾಹಕರು ಹಾವೂ ಸಾಯದ, ಕೋಲೂ ಮುರಿಯದ ತೀರ್ಪು ಕೊಟ್ಟರು. ಎರಡೂ ಕಡೆಯ ಮಾತು ಇರಲಿ ಎಂದರು. ಸಾಲು ಹೀಗಾಯಿತು: ಮೃತ ವಾಚರ್ ಪಾನಮತ್ತನಾಗಿದ್ದನೆಂದು ಮುಖಂಡರು ಹೇಳಿದ್ದಾರೆ, ಕುಟುಂಬದವರು ಇದನ್ನು ಅಲ್ಲಗಳೆಯುತ್ತಾರೆ. ಕುಟುಂಬದವರ ಮಾತಿಗೂ ಅಚ್ಚಾದ ಆಧಾರ ಇರಲಿಲ್ಲ, ಅಷ್ಟರಮಟ್ಟಿಗೆ ನಿರ್ವಾಹಕರು ಕಣ್ಣು ಮುಚ್ಚಿಕೊಂಡರು. ಇದು ನನಗೆ ಮಾಡಿದ ಉಪಕಾರ ಎನ್ನುವಂತಿತ್ತು ಅವರ ಧಾಟಿ.

ಟೀಚರಿಗೆ ಓದಿ ಹೇಳಿದೆ. ಅವರು, "ಅಂದ್ರೆ ಅರ್ಧ ಕುಡ್ದಿದ್ದ ಅಂತಾಯ್ತಾ?" ಎಂದರು.

ಇಷ್ಟು ವರ್ಷ ನಾನು ಇದನ್ನೇ ನ್ಯಾಯ ಎಂದುಕೊಂಡಿದ್ದೆ. ಒಬ್ಬ ಸುಳ್ಳು ಹೇಳಿ, ಇನ್ನೊಬ್ಬ ನಿಜ ಹೇಳಿದರೆ ನಡುವೆ ನಿಂತವನ ಬಾಯಲ್ಲಿ ಅರ್ಧ ಸುಳ್ಳಾದರೂ ಇರಲೇಬೇಕಲ್ಲ. ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು, ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ಮಾತ್ರ ತಿಳಿಯಲಿಲ್ಲ.

ಆಧಾರ ತಾನೇ ಬೇಕು ಎಂದು ಅಂಗಡಿಗೆ ಬೀಗ ಹಾಕಿ ಶೃಂಗೇರಿಗೆ ಹೋದೆ. ಆ ಫೋಟೋ ಅಚ್ಚು ಹಾಕಿದ ವಾರಪತ್ರಿಕೆ ಇನ್ನೂ ನಡೆಯುತ್ತಿದೆ. ಸಂಪಾದಕರು ವಯಸ್ಸಾದವರು, ಕಾಫಿ ತರಿಸಿದರು. ಫೋಟೋ ತೆಗೆದದ್ದೂ ಅವರೇ. "ಅಯ್ಯೋ, ಒಳ್ಳೆ ಮನುಷ್ಯ ಮಾರಾಯ್ತಿ ಅವ. ಅವತ್ತು ಅಲ್ಲೇ ಊಟ ಮಾಡಿದ್ದೆ. ಬಾಟ್ಲಿ ಹಿಡ್ಕೊಂಡು ಬರೋವಾಗ ಕೂಸನ್ನ ಎತ್ಕೊಂಡ ಹಾಗೆ ಹಿಡ್ಕೊಂಡಿದ್ದ" ಎಂದರು.

"ಇದನ್ನೇ ಬರೀರಿ. ಬಾಟ್ಲಿ ಹಿಡಿಯೋ ಪದ್ಧತಿ ಹೀಗೆ, ಈ ವಾಚರ್ ಕುಡೀತಿರ್ಲಿಲ್ಲ ಅಂತ."

"ಎಲ್ರಿಗೂ ಗೊತ್ತಿರೋದನ್ನ ಎಂತ ಬರಿಯೋದು?"

"ಗೊತ್ತಿಲ್ದವರಿಗೆ."

ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ ನಿಜ ಹೇಳಿದರು. ಮುಖಂಡರ ಜಾಹೀರಾತು ಇಲ್ಲದ ಸಂಚಿಕೆಯೇ ಇಲ್ಲ, ಪತ್ರಿಕೆ ಉಸಿರಾಡುವುದೇ ಅದರಲ್ಲಿ. "ಈಗ ಹಳೇದನ್ನ ಕೆದಕಿ ಎಂತ ಆಗಬೇಕು? ಸತ್ತವ ಬತ್ತಾನಾ? ನಾನೂ ಎಷ್ಟು ದಿನ ಇರ್ತೇನೆ" ಎಂದರು. ಬೈಯೋಣ ಎಂದರೆ ಕಾಫಿ ಕುಡಿದಾಗಿತ್ತು. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಬೈದೆ, ಕೊಪ್ಪ ಬರುವವರೆಗೂ ಬೈದೆ.

ಅವತ್ತು ಗೇಟು ನೂಕಿದ ಗುಂಪಿನಲ್ಲಿದ್ದವರು ಇವತ್ತಿಗೂ ಮೂರು ತಾಲ್ಲೂಕಿನಲ್ಲಿ ಓಡಾಡಿಕೊಂಡಿದ್ದಾರೆ. ಇಬ್ಬರು ನನ್ನ ಗಿರಾಕಿಗಳು. ಒಬ್ಬರು ಇಲ್ಲೇ ಪಕ್ಕದ ನಾರ್ವೆ ಹಳ್ಳಿಯವರು. ಕೇಳಿದರೆ, "ಹೌದು, ಪಾಪದವ, ಕುಡೀತಿರ್ಲಿಲ್ಲ" ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಬರೆದುಕೊಡಿ ಎಂದರೆ ಪಹಣಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಡುತ್ತಾರೆ. ಇಡೀ ಊರಿಗೆ ಗೊತ್ತಿರುವ ಸತ್ಯವನ್ನು ಒಂದು ಸಾಲಿನಲ್ಲಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಮುಖಂಡರು ಒಂದು ನಿಮಿಷದಲ್ಲಿ ಆಡಿದ ಸುಳ್ಳು ಅಚ್ಚಾಗಿದ್ದಕ್ಕೆ ಗುಂಡುಕಲ್ಲಿನ ಹಾಗೆ ಕೂತಿತ್ತು.

ಕಟ್ಟಳೆಗಳನ್ನು ಮತ್ತೆ ಮೊದಲಿಂದ ಓದಿದೆ. ಒಂದು ದಾರಿ ಕಂಡಿತು. ಸಾರ್ವಜನಿಕ ಜೀವನದಲ್ಲಿ ಇಲ್ಲದ ಸಾಮಾನ್ಯ ಮನುಷ್ಯನ ಹೆಸರನ್ನೋ ನಡತೆಯನ್ನೋ ಬೇರೆಯವರ ಪುಟದಲ್ಲಿ ಎಳೆದು ತರಕೂಡದು. ಅಬ್ಬ ಎನ್ನಿಸಿತು. ಆ ಕಟ್ಟಳೆಯನ್ನು ಹಿಡಿದು ಬರೆದೆ. ನಿರ್ವಾಹಕರು ತಕ್ಷಣ ಒಪ್ಪಿದರು, ಆ ಸಾಲನ್ನು ಪೂರ್ತಿ ತೆಗೆಯಬಹುದು ಎಂದರು. ಪಟ್ಟ ಶಿಷ್ಯ ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಗೆದ್ದ ಸಂಭ್ರಮದಲ್ಲಿ ಬರಲಿಲ್ಲ. ಸಾಲನ್ನು ತೆಗೆದು ಟೀಚರಿಗೆ ಫೋನ್ ಮಾಡಿದೆ. "ಹೋಯ್ತು. ಇನ್ನು ಯಾರೂ ಮೈಕಲ್ಲಿ ಓದಲ್ಲ."

ಅವರು ರಜೆಯ ದಿನ ಬಂದರು. ಬಾಳೆಎಲೆಯಲ್ಲಿ ಕಟ್ಟಿದ ಮಲ್ಲಿಗೆ ದಂಡೆ ತಂದಿದ್ದರು, ಅದನ್ನು ನನ್ನ ಕೈಯಲ್ಲಿಟ್ಟು, "ಒಂದ್ಸಲ ತೋರ್ಸಿ" ಎಂದರು. ಕಂಪ್ಯೂಟರಿನಲ್ಲಿ ತೆರೆದೆ. ಅವರು ಬೆರಳಿಟ್ಟುಕೊಂಡು ಓದಿದರು. ರಸ್ತೆ ತಡೆಯಲ್ಲಿ ಸುತ್ತಲಿನ ಹಳ್ಳಿಗಳ ರೈತರು ಭಾಗವಹಿಸಿದ್ದರು. ಹೋರಾಟದ ಫಲವಾಗಿ ಸರ್ವೆ ಕಾರ್ಯ ಆರಂಭವಾಯಿತು. ಎರಡು ಸಾಲಿನ ನಡುವೆ ಈಗ ಏನೂ ಇರಲಿಲ್ಲ.

"ಅಪ್ಪ ಎಲ್ಲಿ?" ಎಂದರು.

"ತೆಗೀರಿ ಅಂದಿದ್ರಲ್ಲ."

"ಕುಡ್ದಿದ್ದ ಅನ್ನೋದನ್ನ ತೆಗೀರಿ ಅಂದಿದ್ದೆ. ಅಪ್ಪನ್ನ ತೆಗೀರಿ ಅಂದಿರ್ಲಿಲ್ಲ."

ನಾನು ವಿವರಿಸಿದೆ. ಅವನು ಸತ್ತ ಸುದ್ದಿ ಅಚ್ಚಾಗಿರುವುದೇ ಮುಖಂಡರ ಮಾತಿನ ಜೊತೆ, ಅವನಿದ್ದರೆ ಆ ಮಾತೂ ಇರುತ್ತದೆ, ಆ ಮಾತು ಹೋಗಬೇಕಾದರೆ ಅವನೂ ಹೋಗಬೇಕು. ಬೇರೆ ದಾರಿ ಇಲ್ಲ, ಇದ್ದ ದಾರಿಯನ್ನೆಲ್ಲ ನೋಡಿ ಆಯಿತು. ಹೇಳುತ್ತಾ ಹೇಳುತ್ತಾ ನನ್ನ ದನಿ ಏರುತ್ತಿತ್ತು. ಅವರ ಮೇಲೆ ಸಿಟ್ಟು ಬಂದಿರಲಿಲ್ಲ, ಆದರೆ ಎದುರಿಗೆ ಇದ್ದವರು ಅವರೇ. ಅವರು ಪೂರ್ತಿ ಕೇಳಿಸಿಕೊಂಡರು. ಈ ಪುಟ ಓದಿದವರಿಗೆ ಅವತ್ತು ಆ ರಸ್ತೆಯಲ್ಲಿ ಒಬ್ಬ ಸತ್ತ ಎಂಬುದೇ ತಿಳಿಯುವುದಿಲ್ಲ, ಅಲ್ಲವಾ ಎಂದು ಕೇಳಿದರು. ಹೌದು ಎಂದೆ. ಪಟ್ಟ ಶಿಷ್ಯ ಯಾಕೆ ಸುಮ್ಮನಿದ್ದ ಎಂದು ಆಗ ಹೊಳೆಯಿತು.

"ಹಾಗಾದ್ರೆ ವಾಪಸ್ ಹಾಕಿ."

"ಯಾವ್ದನ್ನ?"

"ಯಾವ್ದಾದ್ರೂ ಆಯ್ತು. ಕುಡ್ಕ ಅಂತ್ಲೇ ಇರ್ಲಿ. ಅಲ್ಲಿ ಸತ್ತ ಅಂತಾದ್ರೂ ಇರುತ್ತಲ್ಲ."

ಬೇಡ ಎಂದೆ, ಇನ್ನೊಮ್ಮೆ ಯೋಚನೆ ಮಾಡಿ ಎಂದೆ. ಅವರು ಕದಲಲಿಲ್ಲ. ಕೊನೆಗೆ ನಾನೇ, ನಾನೇ ತೋರಿಸಿದ್ದ ಕಟ್ಟಳೆಯನ್ನು ಮುರಿದು, ನನ್ನ ಕೈಯಿಂದಲೇ, ಆ ಅರ್ಧ ಸುಳ್ಳಿನ ಸಾಲನ್ನು ಇದ್ದ ಜಾಗಕ್ಕೆ ತಂದು ಹಾಕಿದೆ. ಅವರು ಬಗ್ಗಿ, ಮುಖಂಡರ ಮಾತನ್ನೂ ಓದಿದರು, ತಮ್ಮ ಮಾತನ್ನೂ ಓದಿದರು, ಅಪ್ಪನ ಹೆಸರಿನ ಹತ್ತಿರ ಸ್ವಲ್ಪ ನಿಂತರು.

"ಇದ್ದಾನೆ" ಎಂದು ಹೇಳಿ, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.