ಚಾಚಿಯ ‘ಒಂದೀಟು’

ಬಟ್ಟೆಗೆ ಚುಚ್ಚುವ ಐದಾರು ಟಾಚಣಿ ಬಾಯಲ್ಲಿ ಕಚ್ಚಿಕೊಂಡೇ ನಮ್ಮ ಚಾಚಿ ಮಾತಾಡುತ್ತಿದ್ದಳು. ಒಂದು ಟಾಚಣಿಯೂ ಕೆಳಗೆ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಸಿಂದಗಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಯೇ ಅವಳ ಮನೆ. ಓಣಿಯ ಹೆಣ್ಣುಮಕ್ಕಳ ಜಂಪರುಗಳೆಲ್ಲ ಅವಳ ಪಡಸಾಲೆಯಲ್ಲೇ ತಯಾರಾಗುತ್ತಿದ್ದವು.

ಚಾಚಿಗೆ ಕಡಿಮೆ ಮಾತು ಗೊತ್ತೇ ಇರಲಿಲ್ಲ. ಚಹಾ ಕೊಟ್ಟರೆ, ‘ಇಂಥಾ ಚಹಾ ಹುಟ್ಟಿದಾಗಿಂದ ಕುಡಿದಿಲ್ಲ’. ತಲೆ ನೋವು ಬಂದರೆ, ‘ಇಂಥಾ ಬ್ಯಾನಿ ದುಶ್ಮನ್‌ಗೂ ಬರಬಾರ್ದು’. ಹಾಗಂದು ಹಣೆಗೆ ಬಟ್ಟೆ ಬಿಗಿದುಕೊಂಡು ಮತ್ತೆ ಮಷೀನು ತುಳಿಯುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಇಂಡಿ ಕಡೆಯ ಗಂಡಿನವರು ನನ್ನನ್ನು ನೋಡಿ, ಹುಡುಗಿ ಕಪ್ಪು, ಬೇಡ ಅಂದ ದಿನ ಚಾಚಿಯ ಮುಂದೆ ಹೋಗಿ ನಿಂತೆ. ಭುಜದ ಅಳತೆ ಹಿಡಿಯುತ್ತ ಅಂದಳು, “ಕಣ್ಣಿಲ್ಲೇನ ಅವರಿಗೆ? ಇಡೀ ಜಿಲ್ಲಾದಾಗ ನಿನ್ನಂಥಾ ಚೆಂದನ ಹುಡುಗಿ ಇನ್ನೊಬ್ಬಾಕಿ ಇಲ್ಲ.” ಅವತ್ತು ನನಗೆ ಊಟ ಸೇರಿತು. ಮರುದಿನ ನೋಡುತ್ತೇನೆ, ಹಿಂದಿನ ಓಣಿಯ ಹುಡುಗಿಗೂ ಅದೇ ಮಾತು ಹೇಳುತ್ತಿದ್ದಾಳೆ! ನನಗೆ ಸಿಟ್ಟು ನೆತ್ತಿಗೇರಿತು.

“ಹಂಗಾದ್ರ ನಿನ್ನೆ ನನಗ ಅಂದಿದ್ದು ಸುಳ್ಳೇನು?”

“ಅದೂ ಖರೆ, ಇದೂ ಖರೆ. ಮುಂದ ನಿಂತಾಕಿಗಿಂತ ಚೆಂದ ಯಾರೂ ಇಲ್ಲಂತ ಅನಕೊಂಡ್ರ ನನ್ನ ಕತ್ತರಿ ನೆಟ್ಟಗ ಹೋಗ್ತೈತಿ, ಹುಚ್ಚಿ.”

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಜಂಪರು ಆಯಿತೇನು ಕೇಳಲು ಹೋದೆ. ಚಾಚಿ ಮಷೀನಿಗೆ ಆತು ಕೂತಿದ್ದಳು. ಟಾಚಣಿಗಳೆಲ್ಲ ಡಬ್ಬಿಯಲ್ಲಿದ್ದವು.

“ಏನಾತು ಚಾಚಿ?”

“ಏನಿಲ್ಲವಾ. ಎದಿ ಒಂದೀಟು ಹಿಡದೈತಿ.”

ಒಂದೀಟು! ಸ್ವಲ್ಪ ಅನ್ನುವ ಮಾತನ್ನು ಚಾಚಿಯ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಆಟೋ ಹಿಡಿದು ಡಾಕ್ಟರ ಕಡೆ ಕರೆದೊಯ್ದೆ. ನೋವು ಎಷ್ಟೈತಿ ಅಂತ ಅವರು ಕೇಳಿದರೆ ಮತ್ತೆ ಅದೇ, “ಒಂದೀಟ್ರಿ.” ಅವರು ಪಿತ್ತದ ಗುಳಿಗೆ ಬರೆದರು.

“ಈಕಿ ಎಂದೂ ಒಂದೀಟು ಅಂದಾಕಿ ಅಲ್ರಿ ಸಾಹೇಬ್ರ!” ಅಂದೆ.

“ಅವರಿಗೇ ಇಲ್ಲದ ಗಾಬರಿ ನಿಮಗ್ಯಾಕ್ರಿ?” ಅಂತ ನಕ್ಕುಬಿಟ್ಟರು.

ಅವರಿಗೆ ಹೇಗೆ ತಿಳಿಸಿ ಹೇಳಲಿ? ಚಾಚಿಯ ಗದ್ದ ಹಿಡಿದು ಬೇಡಿಕೊಂಡೆ, “ಚಾಚಿ, ದುಶ್ಮನ್‌ಗೂ ಬರಬಾರ್ದು ಅಂತೀಯಲ್ಲ, ಅದನ್ನ ಒಂದ್ಸಲ ಹೇಳ.” ಅವಳು ಬರೀ ತಲೆ ಅಲ್ಲಾಡಿಸಿದಳು. ನಾವೇ ಗಾಡಿ ಮಾಡಿಕೊಂಡು ವಿಜಯಪುರಕ್ಕೆ ಹೊರಟೆವು. ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ನನ್ನ ಕೈಯೊಳಗಿದ್ದ ಅವಳ ಕೈ ಸಡಿಲಾಯಿತು.

ಅವಳು ಕತ್ತರಿಸಿಟ್ಟಿದ್ದ ನನ್ನ ಜಂಪರನ್ನು ಪ್ಯಾಟಿಯ ಟೇಲರ್ ಹೊಲಿದು ಕೊಟ್ಟ. “ಬರೋಬ್ಬರಿ ಐತ್ರಿ,” ಅಂದ. ಹೌದು, ಬರೋಬ್ಬರಿಯೇ ಇತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಇಡೀ ಜಿಲ್ಲೆಗೇ ನಾನು ಚೆಂದ ಅನ್ನುವವರು ಇನ್ನು ಯಾರೂ ಇಲ್ಲ. ಸುಳ್ಳೋ ಖರೆಯೋ, ಆ ಮಾತಿನ ಮೇಲೆಯೇ ನಾನು ಇಷ್ಟು ವರ್ಷ ತಲೆ ಎತ್ತಿ ನಡೆದದ್ದು.