ರಿಲೀವರ್ ಬಂದಿಲ್ಲ: ಬಾಗಲಗುಂಟೆಯಿಂದ ಬೊಮ್ಮಸಂದ್ರಕ್ಕೆ

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬಾಗಲಗುಂಟೆಯ ನಮ್ಮ ವಠಾರದಿಂದ ಹೊರಟೆವು. ನಾನು ಮತ್ತು ಭಾಗ್ಯ. ಅವಳ ಹೆಗಲಿಗೆ ಗಿಟಾರು, ನನ್ನ ಹೆಗಲಿಗೆ ಬೇಸ್ ಗಿಟಾರು, ಕೈಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದ ಸ್ಪೀಕರು. ನವೆಂಬರ್ ತಿಂಗಳು, ಸಣ್ಣಗೆ ಚಳಿ. ಬೆಳಿಗ್ಗೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ರಾಜ್ಯೋತ್ಸವ, ಮಧ್ಯಾಹ್ನ ಬೊಮ್ಮಸಂದ್ರದಲ್ಲಿ ಇನ್ನೊಂದು ರಾಜ್ಯೋತ್ಸವ. ಎರಡು ಕಡೆಯೂ ಭಾಗ್ಯಳ ಹಾಡು. ಇಬ್ಬರೂ ಕೆಲಸಕ್ಕೆ ರಜೆ ಹಾಕಿದ್ದೆವು.

ಭಾಗ್ಯಳಿಗೆ ಇಪ್ಪತ್ತೆರಡು. ವಠಾರದಲ್ಲಿ ನಮ್ಮ ಕೆಳಗಿನ ಮನೆ. ಅವಳಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವಳು ಪೀಣ್ಯದಲ್ಲಿ ಒಂದು ಡಿಸ್ಪ್ಯಾಚ್ ಆಫೀಸಿನಲ್ಲಿ ಒಂಬತ್ತರಿಂದ ಆರರವರೆಗೆ ಚಲನ್ ಬರೆಯುತ್ತಾಳೆ. ಹಾಳಾದ ಚಲನಿನ ಹಿಂದೆ ಹಾಡು ಬರೆಯುತ್ತಾಳೆ. ನಾನು ಅದೇ ಪೀಣ್ಯದಲ್ಲಿ ಮಷಿನ್ ಆಪರೇಟರ್, ಮೂರು ಶಿಫ್ಟು. ಹತ್ತನೇ ಕ್ಲಾಸು ಪಾಸಾಗಲಿಲ್ಲ. ಬೇಸ್ ನುಡಿಸುವುದನ್ನು ಫೋನ್ ನೋಡಿ ಕಲಿತೆ.

ಅವಳ ಹಾಡಿಗೆ ಫಂಕ್ ಪಾಪ್ ಅನ್ನುತ್ತಾರೆ. ನನಗೆ ಗೊತ್ತಿರುವುದು ಇಷ್ಟೆ: ಬೇಸ್ ಮುಂದೆ ಹೋಗಬೇಕು, ಮಾತು ಅದರ ಮೇಲೆ ಕುಣಿಯಬೇಕು, ಕೂತವನ ಕಾಲು ಅವನನ್ನು ಕೇಳದೆ ಅಲ್ಲಾಡಬೇಕು. ಅಲ್ಲಾಡದಿದ್ದರೆ ಹಾಡು ಕೆಟ್ಟಿದೆ. ಇಲ್ಲಿಯವರೆಗೆ ಅವಳು ಒಂದು ಗಣೇಶನ ಪೆಂಡಾಲು, ಒಂದು ಕಾಲೇಜು, ಒಂದು ಕಾಫಿ ಅಂಗಡಿಯಲ್ಲಿ ಹಾಡಿದ್ದಳು. ಎಲ್ಲ ಸಿನಿಮಾ ಹಾಡು. ಸ್ವಂತ ಹಾಡನ್ನು ಗುರುತಿಲ್ಲದವರ ಮುಂದೆ ಒಮ್ಮೆಯೂ ಹಾಡಿರಲಿಲ್ಲ.

ಆವತ್ತು ಹಾಡಲೇಬೇಕಿತ್ತು. ಯಾಕೆಂದರೆ ಆರ್ಕೆಸ್ಟ್ರಾ ನಡೆಸುವ ಪ್ರಭಣ್ಣ ಅವಳನ್ನು ಕರೆದಿದ್ದ. ಮದುವೆ, ಜಾತ್ರೆ, ಉದ್ಘಾಟನೆ, ವರ್ಷವಿಡೀ ಕೆಲಸ. ಆದರೆ ಅವನ ಜೊತೆ ಸೇರಿದರೆ ಬೇರೆಲ್ಲೂ ಹಾಡುವಂತಿಲ್ಲ, ಸ್ವಂತ ಹಾಡು ಅಂತ ಬಾಯಿ ಬಿಡುವಂತಿಲ್ಲ. ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ, ಸೇರುವುದಾದರೆ ಶುಕ್ರವಾರ ಸಂಜೆ ನಾಲ್ಕರೊಳಗೆ ಫೋಟೊ ಕಳಿಸು ಅಂದಿದ್ದ. ಅವಳಮ್ಮ ಬಾಗಿಲಲ್ಲಿ ನಿಂತು, "ಫೋಟೊ ಕಳ್ಸಿ ಆಮೇಲೆ ಎಲ್ಲಾದ್ರೂ ಹೋಗೇ" ಅಂದರು. ಭಾಗ್ಯ ಚಪ್ಪಲಿ ಹಾಕಿಕೊಳ್ಳುತ್ತಾ, "ಸಂಜೆ ಹೇಳ್ತೀನಮ್ಮ. ಜನ ಕೇಳಲ್ಲ ಅಂದ್ರೆ ನಾನೇ ಕಳಿಸ್ತೀನಿ" ಅಂದಳು.

ನಾಗಸಂದ್ರದಲ್ಲಿ ಮೆಟ್ರೊ ಹತ್ತಿದೆವು. ವೈಟ್‌ಫೀಲ್ಡಿಗೆ ತಲೆಗೆ ತೊಂಬತ್ತು ರೂಪಾಯಿ. ತಪಾಸಣೆಯವನು ಸ್ಪೀಕರನ್ನು ತಿರುಗಿಸಿ ತಿರುಗಿಸಿ ನೋಡಿದ.

"ಒಳಗಡೆ ಹಾಕಂಗಿಲ್ಲ."

"ಹಾಕಲ್ಲ ಸಾರ್."

"ಏನ್ ಹಾಡ್ತೀರ?"

"ಇವಳೇ ಬರೆದಿದ್ದು."

"ಓ" ಅಂದು ಬಿಟ್ಟ. ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಲೈನಿಗೆ ಬಂದೆವು. ಕೂರಲು ಜಾಗ ಸಿಕ್ಕಿದ್ದು ಇಂದಿರಾನಗರ ದಾಟಿದ ಮೇಲೆ. ಭಾಗ್ಯ ದಾರಿಯುದ್ದಕ್ಕೂ ಬಾಯಿಯೊಳಗೇ ಹಾಡುತ್ತಿದ್ದಳು. ಹಾಡಿನ ಹೆಸರು ರಿಲೀವರ್. ನಮ್ಮ ಶಿಫ್ಟು ಮುಗಿದಾಗ ಬಂದು ಮಷಿನ್ ವಹಿಸಿಕೊಳ್ಳುವವನಿಗೆ ರಿಲೀವರ್ ಅನ್ನುತ್ತಾರೆ. ಅವನು ಬರುವವರೆಗೆ ಮಷಿನ್ ಬಿಡುವಂತಿಲ್ಲ. ನಾನು ಮನೆಗೆ ತಡವಾಗಿ ಬಂದಾಗಲೆಲ್ಲ ಅಮ್ಮನಿಗೆ ಹೇಳುತ್ತಿದ್ದ ಮಾತು ಅದು, ಕೆಳಗಿನ ಮನೆಯಲ್ಲಿ ಕೇಳಿಸಿಕೊಂಡು ಅವಳು ಹಾಡು ಮಾಡಿದಳು. ಪಲ್ಲವಿ ಹೀಗಿತ್ತು: "ರಿಲೀವರ್ ಬಂದಿಲ್ಲ, ನಾ ಹೊರಟೆ, ನಾ ಹೊರಟೆ."

ಎಂಟೂ ಮುಕ್ಕಾಲಿಗೆ ವೈಟ್‌ಫೀಲ್ಡ್. ಅಲ್ಲಿಂದ ಆಟೊ. ಕಂಪನಿ ಗೇಟಿನಲ್ಲಿ ಫೋಟೊ ತೆಗೆದು ಕುತ್ತಿಗೆಗೆ ಕಾರ್ಡು ಹಾಕುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಬಯಲು ಜಾಗ, ಹಳದಿ ಕೆಂಪು ಬಲೂನು, ಒಂದು ಬದಿಗೆ ಇಡ್ಲಿ ಮತ್ತು ಕೇಸರಿಬಾತ್. ಕೇಸರಿಬಾತ್ ಚೆನ್ನಾಗಿತ್ತು. ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಓಡಿ ಬಂದು ಭಾಗ್ಯಳ ಹೆಗಲಿಗೆ ಹಳದಿ ಕೆಂಪು ಶಾಲು ಹೊದಿಸಿದರು.

"ಎಲ್ರಿಗೂ ಗೊತ್ತಿರೋ ಸಾಂಗ್ಸ್ ಹಾಡಿ ಪ್ಲೀಸ್. ಕ್ರೌಡ್ ಮಿಕ್ಸೆಡ್ ಇದೆ."

"ಒಂದು ನನ್ನದು ಹಾಡ್ಲಾ ಮೇಡಂ?"

"ಕೊನೇಲಿ ಹಾಡಿ. ಚಿಕ್ಕದಾಗಿ."

ಎರಡು ಸಿನಿಮಾ ಹಾಡಿಗೆ ಜನ ಫೋನ್ ಎತ್ತಿ ವಿಡಿಯೊ ಮಾಡಿದರು. ಮೂರನೆಯದು ರಿಲೀವರ್. ಫೋನುಗಳು ಕೆಳಗಿಳಿದವು. ಮುಂದಿನ ಸಾಲಿನ ಹುಡುಗಿ ಪಕ್ಕದವಳನ್ನು, "ರಿಲೀವರ್ ಅಂದ್ರೆ ಟ್ಯಾಬ್ಲೆಟ್ಟಾ?" ಅಂತ ಕೇಳಿದ್ದು ನನಗೇ ಕೇಳಿಸಿತು. ಶಾಲು ಗಿಟಾರಿನ ತಂತಿ ಮೇಲೆ ಜಾರುತ್ತಿತ್ತು, ಭಾಗ್ಯ ಅದನ್ನು ಮೊಣಕೈಯಲ್ಲಿ ತಳ್ಳುತ್ತಾ ಹಾಡಿದಳು. ನಾನು ಅವರ ಕಾಲುಗಳನ್ನೇ ನೋಡಿದೆ. ಒಂದೂ ಅಲ್ಲಾಡಲಿಲ್ಲ. ಚಪ್ಪಾಳೆ ತಟ್ಟಿದರು, ಜನ ಒಳ್ಳೆಯವರು. ಮೇಡಂ ಇಬ್ಬರಿಗೂ ಒಂದೊಂದು ಗಿಡದ ಕುಂಡ ಕೊಟ್ಟರು.

ಗೇಟಿನಲ್ಲಿ ಕಾರ್ಡು ಹಿಂದಿರುಗಿಸುವಾಗ ಅಲ್ಲಿದ್ದ ಗಾರ್ಡು ನಮ್ಮನ್ನು ತಡೆದ. ಐವತ್ತರ ವಯಸ್ಸು, ಕೊಪ್ಪಳದ ಕಡೆಯವನಂತೆ. ಹಾಡು ಗೇಟಿನವರೆಗೂ ಕೇಳಿಸಿತ್ತು.

"ಹಾಡು ಚಲೋ ಐತಿ ಮೇಡಂ. ಆದ್ರ ಒಂದು ಮಾತು ತಪ್ಪೈತಿ."

"ಯಾವುದಣ್ಣ?"

"ರಿಲೀವರ್ ಬಂದಿಲ್ಲ, ನಾ ಹೊರಟೆ ಅಂತೀರಿ. ಹೆಂಗ ಹೊಂಟ್ರಿ? ರಿಲೀವರ್ ಬರದ ನಾ ಈ ಗೇಟ್ ಬಿಟ್ರ, ನಾಳೆ ಈ ಯೂನಿಫಾರ್ಮ್ ಬಿಚ್ಚಿ ಕೊಟ್ಟು ಊರ ಬಸ್ ಹತ್ತಬೇಕು. ಯಾರೂ ಹೊಂಟಿಲ್ರೀ ಮೇಡಂ."

ಭಾಗ್ಯ ಕುಂಡವನ್ನು ಟೇಬಲ್ ಮೇಲಿಟ್ಟಳು. "ಮತ್ತೆ ಏನ್ ಮಾಡ್ತೀರ?"

"ಏನ್ ಮಾಡೋದೈತಿ, ನಿಂತಿರೋದು. ಮನಿಯಾಕಿ ಫೋನ್ ಮಾಡ್ತಾಳ, ಎಲ್ಲಿದ್ದೀರಿ ಅಂತ. ಬಂದೆ, ಬಂದೆ ಅನ್ನೋದು. ಮತ್ತ ಮಾಡ್ತಾಳ. ಬಂದೆ, ಬಂದೆ. ಇಲ್ಲೇ ನಿಂತಿರ್ತೀನಿ." ಅವನು ನಕ್ಕ. ಕುಂಡಗಳನ್ನು ಅವನಿಗೇ ಕೊಟ್ಟು ಬಂದೆವು.

ಬಸ್ ಸ್ಟಾಪಿನಲ್ಲಿ ಭಾಗ್ಯ ನನ್ನ ಕಡೆ ತಿರುಗಿದಳು.

"ನೀನು ಶಿಫ್ಟ್ ಮಾಡೋನು. ನಿಂಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು."

"ಎರಡು ತಿಂಗಳು ಬೇಸ್ ನುಡಿಸ್ದೆ. ಯಾಕೋ ಹೇಳ್ಲಿಲ್ಲ?"

"ಹಾಡಲ್ವಾ, ಅಂಗೇ ಇರುತ್ತೇನೋ ಅಂತ ಸುಮ್ನಿದ್ದೆ."

"ಥೂ. ಸುಳ್ಳು ಹಾಡು ಹಾಡಿಸ್ಬಿಟ್ಟೆ ನನ್ ಕೈಲಿ."

ತಪ್ಪು ನನ್ನದೇ. ಬಂದ ಬಸ್ಸಿಗೆ ಹತ್ತಿದೆವು. ಹೆಂಗಸರಿಗೆ ಉಚಿತ, ಅವಳಿಗೆ ದುಡ್ಡಿಲ್ಲ, ನನಗೆ ಟಿಕೆಟ್ಟು. ಕುಂದಲಹಳ್ಳಿ ಗೇಟ್ ದಾಟುವವರೆಗೂ ಅವಳು ನನಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮಾರತ್ತಹಳ್ಳಿಯಲ್ಲಿ ಇಳಿದು ಸಿಲ್ಕ್ ಬೋರ್ಡ್ ಬಸ್ ಹಿಡಿದೆವು. ಬಿಸಿಲು ಏರಿತ್ತು. ಅಲ್ಲಿನ ಸೇತುವೆ ಬಿಟ್ಟು ಸ್ವಲ್ಪ ಮುಂದೆ, ಸಿಲ್ಕ್ ಬೋರ್ಡ್ ಇನ್ನೂ ಬಹುದೂರ ಇರುವಾಗಲೇ, ಬಸ್ ನಿಂತಿತು, ಹಾಗೇ ನಿಂತಿತು. ನಮ್ಮ ಮುಂದಿನ ಸೀಟಿನ ದಪ್ಪ ಮನುಷ್ಯನಿಗೆ ಫೋನ್ ಬಂತು.

"ಹಾಂ, ಬಂದೆ ಬಂದೆ. ಸಿಲ್ಕ್ ಬೋರ್ಡಲ್ಲೇ ಇದೀನಿ ಕಣ್ರೀ. ಬಂದೆ."

ಕಂಡಕ್ಟರು ಟಿಕೆಟ್ ಹರಿಯುತ್ತಾ, "ಸಾರ್, ಸಿಲ್ಕ್ ಬೋರ್ಡ್ ಬಂದಿದ್ರೆ ಇಳ್ಕೊಂಡ್ಬಿಡಿ, ಸೀಟ್ ಖಾಲಿ ಆಗುತ್ತೆ" ಅಂದ. ಬಸ್ಸೆಲ್ಲ ನಕ್ಕಿತು. ಭಾಗ್ಯ ನಗಲಿಲ್ಲ. ಚಲನ್ ಹಾಳೆ ತೆಗೆದಳು, "ನಾ ಹೊರಟೆ" ಅನ್ನುವುದನ್ನು ಹೊಡೆದು ಹಾಕಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಸಣ್ಣಗೆ ಹಾಡಿದಳು: "ರಿಲೀವರ್ ಬಂದಿಲ್ಲ, ಬಂದೆ, ಬಂದೆ, ಬಂದೆ."

"ಮೂರನೇ ಬಂದೆ ಮೇಲಕ್ಕೆ ಹೋಗ್ಲಿ. ಸುಳ್ಳು ಅಂತ ಹೇಳೋನಿಗೇ ಗೊತ್ತಿರ್ಬೇಕು" ಅಂದಳು. ನಾನು ಬೇಸಿನ ಚೀಲದ ಮೇಲೆ ಬೆರಳಲ್ಲಿ ಬಡಿದು ನೋಡಿದೆ. ಮೂರನೇ ಬಂದೆಗೆ ಬೇಸ್ ನಿಲ್ಲಿಸಿ, ಬರೀ ದನಿ ಉಳಿಸಿದರೆ ಸರಿಯಾಗಿ ಕೂರುತ್ತಿತ್ತು. ಇಬ್ಲೂರು ಬರುವಷ್ಟರಲ್ಲಿ ಹತ್ತು ಸಲ ಮಾಡಿದೆವು. ಅವಳು ಮತ್ತೆ ನನ್ನ ಜೊತೆ ಮಾತಾಡುತ್ತಿದ್ದಳು.

ಸಿಲ್ಕ್ ಬೋರ್ಡಿನಿಂದ ಹಳದಿ ಲೈನಿನ ಮೆಟ್ರೊ. ಕಿಟಕಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಹೋದವು, ಶೀಟಿನ ಶೆಡ್ಡುಗಳು ಬಂದವು. ಬೊಮ್ಮಸಂದ್ರದಲ್ಲಿ ಇಳಿದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಗಾಳಿಯಲ್ಲಿ ಔಷಧಿಯ ವಾಸನೆ. ಕಾರ್ಮಿಕರ ಕನ್ನಡ ಸಂಘದ ಕುಮಾರಣ್ಣ ಬೈಕಿನಲ್ಲಿ ಸ್ಪೀಕರನ್ನು ಒಯ್ದರು, ನಾವು ಹಿಂದೆ ನಡೆದೆವು. ಶಿಫ್ಟ್ ಬಸ್ ನಿಲ್ಲುವ ಜಾಗದ ಪಕ್ಕ ಒಂದು ಶೀಟಿನ ಹಾಲು. ಬಾವುಟ, ಭುವನೇಶ್ವರಿಯ ಫೋಟೊ, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಚಿತ್ರಾನ್ನದ ಪಾತ್ರೆ. ಅರವತ್ತು ಎಪ್ಪತ್ತು ಜನ ಕೂತಿದ್ದರು, ಹೆಂಗಸರೂ ಗಂಡಸರೂ, ಎಲ್ಲ ಯೂನಿಫಾರ್ಮಿನಲ್ಲಿ, ತೊಡೆ ಮೇಲೆ ಊಟದ ಡಬ್ಬಿ. ಎರಡು ಗಂಟೆಯ ಶಿಫ್ಟಿಗೆ ಹೋಗುವವರು.

"ಒಂದೂ ಕಾಲಿಗೆ ಬಸ್ಸು, ಎಲ್ಲ ಗೇಟು ಸುತ್ತಿ ಎರಡಕ್ಕೆ ಮುಟ್ಟುತ್ತೆ. ಭಾಷಣ ಮಾಡ್ಬೇಡಿ ತಾಯಿ, ಹಾಡ್ಬಿಡಿ" ಅಂದರು ಕುಮಾರಣ್ಣ.

ಭಾಗ್ಯ ಸಿನಿಮಾ ಹಾಡು ಹಾಡಲೇ ಇಲ್ಲ. ನೇರವಾಗಿ ರಿಲೀವರ್ ಎತ್ತಿದಳು. ಮೊದಲ ಸಾಲಿಗೇ ಹಿಂದಿನಿಂದ ಒಬ್ಬ ಶಿಳ್ಳೆ ಹೊಡೆದ. "ಬಂದೆ, ಬಂದೆ" ಬಂದಾಗ ಹೆಂಗಸರ ಸಾಲು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕಿತು. ಎರಡನೇ ಸಲಕ್ಕೆ ನಾನು ಬೇಸ್ ನಿಲ್ಲಿಸಿದ ಜಾಗದಲ್ಲಿ ಅವರೇ ಮೂರನೇ "ಬಂದೆ" ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲಿಗೆ ಎಲ್ಲರೂ ಸೇಫ್ಟಿ ಶೂ ಹಾಕಿದ್ದರು, ಕಬ್ಬಿಣದ ಮೂತಿಯದು. ಅದು ಸಿಮೆಂಟ್ ನೆಲಕ್ಕೆ ಬಿದ್ದಾಗ, ಸ್ಪೀಕರಿನಲ್ಲಿ ಹಾಕಿದ್ದ ನನ್ನ ಫೋನಿನ ಡ್ರಮ್ಮು ಕೇಳಿಸಲೇ ಇಲ್ಲ.

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಮತ್ತೆ ಹೊಡೆಯಿತು. "ಬಂದೆ, ಬಂದೆ" ಅಂತ ಇಡೀ ಹಾಲು ಬಸ್ಸಿಗೇ ಹೇಳಿತು. ಡ್ರೈವರು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. ಇನ್ನೊಂದು ಚರಣ ಮುಗಿಯಿತು. ಆಗ ಮಧ್ಯದ ಸಾಲಿನ ಒಬ್ಬಳು ತಟ್ಟನೆ ಎದ್ದು ಕೂಗಿದಳು:

"ಅಯ್ಯೋ ಏಳ್ರೇ! ಅಲ್ಲಿ ಕಾಯ್ತಾವ್ರೆ! ನಾವೇ ಕಣ್ರೇ ರಿಲೀವರು!"

ಕುರ್ಚಿಗಳು ಉರುಳಿದವು. ನಗುತ್ತಾ, ಡಬ್ಬಿ ಹಿಡಿದುಕೊಂಡು, ಹಾಡುತ್ತಲೇ ಓಡಿದರು. ಒಂದು ನಿಮಿಷದಲ್ಲಿ ಹಾಲು ಖಾಲಿ. ಭಾಗ್ಯ ನಿಲ್ಲಿಸಲಿಲ್ಲ. ಕೊನೆಯ ಚರಣವನ್ನು ಕುಮಾರಣ್ಣ, ಚಿತ್ರಾನ್ನದ ಅಕ್ಕ ಮತ್ತು ಖಾಲಿ ಕುರ್ಚಿಗಳಿಗೆ ಹಾಡಿ ಮುಗಿಸಿದಳು. ಬಸ್ಸು ತಿರುಗುವಾಗ ಒಳಗಿನಿಂದ ಆ ಮೂರು ಮಾತು ಇನ್ನೂ ಕೇಳುತ್ತಿತ್ತು.

ಅಲ್ಲಿ ಮೊದಲ ಶಿಫ್ಟಿನವರು ನಮ್ಮಿಂದಾಗಿ ಮಷಿನ್ ಹತ್ತಿರ ನಿಂತಿರುತ್ತಾರೆ ಅಂತ ನನಗೆ ಸ್ವಲ್ಪ ಕೆಟ್ಟದೆನಿಸಿತು. ಅದನ್ನು ಭಾಗ್ಯಳಿಗೆ ಹೇಳಿದೆ. ಈ ಸಲ ಸುಮ್ಮನಿರಲಿಲ್ಲ. ಅವಳು, "ಅವ್ರಿಗೂ ಒಂದಿನ ಹಾಡ್ಬೇಕು" ಅಂದಳು.

ಚಿತ್ರಾನ್ನ ತಿಂದು, ಎರಡೂವರೆಗೆ ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಅವಳೇ ಪ್ರಭಣ್ಣನಿಗೆ ಫೋನ್ ಮಾಡಿದಳು. ಅವನ ದನಿ ದೊಡ್ಡದು, ನನಗೂ ಕೇಳುತ್ತಿತ್ತು.

"ಪ್ರಭಣ್ಣ, ಫೋಟೊ ಕಳಿಸಲ್ಲ."

"ಯಾಕಮ್ಮ? ಸ್ವಂತ ಹಾಡಿಗೆ ಚಪ್ಪಾಳೆ ಬಿತ್ತಾ?"

"ಇಲ್ಲ ಅಣ್ಣ. ಮುಗಿಯೋ ಹೊತ್ಗೆ ಯಾರೂ ಇರ್ಲಿಲ್ಲ."

"ನೋಡ್ದ್ಯಾ! ಎದ್ದು ಹೋದ್ರು ತಾನೆ?"

"ಹೋದ್ರಣ್ಣ" ಅಂದಳು ಭಾಗ್ಯ. "ಆದ್ರೆ ತಡವಾಗಿ ಹೋದ್ರು."

ಆ ಕಡೆ ಅವನು ಏನೋ ಹೇಳುತ್ತಿದ್ದ. ಅಷ್ಟರಲ್ಲಿ ರೈಲು ಬಂತು, ಅವಳು ಫೋನ್ ಇಟ್ಟಳು. ಮಧ್ಯಾಹ್ನದ ರೈಲು, ಇಬ್ಬರಿಗೂ ಸೀಟು ಸಿಕ್ಕಿತು. ಹೊರಟ ಮೇಲೆ ಕೆಳಗೆ ನೋಡಿದೆ. ಒಂದು ಕಾರ್ಖಾನೆಯ ಗೇಟಿನಿಂದ ಮೊದಲ ಶಿಫ್ಟಿನ ಜನ ಈಗಷ್ಟೇ ಹೊರಗೆ ಬರುತ್ತಿದ್ದರು, ನಿಧಾನವಾಗಿ, ಡಬ್ಬಿ ಬೀಸಿಕೊಂಡು.